ಆರ್ಮ್ ಜಾಗ ಬದಲಿಸಿದರೆ ಅಳತೆ ನಂಬಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. 4 ಮೀಟರ್ ಉದ್ದದ ಸ್ಟೀಲ್ ಫ್ರೇಮ್ ಅಳೆಯಬೇಕು. ಇರುವುದು 2.5 ಮೀಟರ್‌ನ ಪೋರ್ಟಬಲ್ ಆರ್ಮ್, ಅಂದರೆ ಕೈಯಂತೆ ಮಡಚಿ ಚಾಚಿ, ತುದಿಯಿಂದ ಮುಟ್ಟಿ ಅಳೆಯುವ ಸಾಧನ. ಅದನ್ನು ಎತ್ತಿ ಬೇರೆ ಕಡೆ ಇಟ್ಟು ಅಳೆದರೆ ಸರಿ ಬರುತ್ತಾ ಸರ್?

ಬರುತ್ತದೆ. ಆದರೆ ಎರಡೂ ಜಾಗದಿಂದ ಮುಟ್ಟುವ ಪಾಯಿಂಟ್‌ಗಳನ್ನು ನೀವು ಎಲ್ಲಿ ಇಡುತ್ತೀರಿ ಅನ್ನೋದೇ ಇಲ್ಲಿ ಮುಖ್ಯ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 2.5 ಮೀಟರ್ ಅನ್ನೋದು ಸಾಮಾನ್ಯವಾಗಿ ಆರ್ಮ್ ಅಳೆಯುವ ಗೋಳದ ವ್ಯಾಸ. ಬೇಸ್‌ನಿಂದ ಅದು ಚಾಚುವುದು ಸುಮಾರು 1.25 ಮೀಟರ್ ಅಷ್ಟೇ. ನಿಮ್ಮ ಫ್ರೇಮ್‌ಗೆ ಮೂರು ಜಾಗ ಬೇಕಾಗಬಹುದು.

ಆರ್ಮ್‌ನ ಪ್ರತಿ ಜಾಯಿಂಟ್‌ನಲ್ಲೂ ಎಷ್ಟು ತಿರುಗಿದೆ ಅಂತ ಅಳೆಯುವ ಎನ್‌ಕೋಡರ್ ಇದೆ. ಅದು ಕೊಡುವ ಕೋನದಿಂದ ಪ್ರೋಬ್ (ಮುಟ್ಟಿ ಅಳೆಯುವ ಕಡ್ಡಿ) ತುದಿ ಎಲ್ಲಿದೆ ಅನ್ನೋ ಲೆಕ್ಕ ಸಿಗುತ್ತದೆ, ಅದೂ ಬೇಸ್‌ನಿಂದ. ಬೇಸ್ ಕದಲಿತೋ, ಹಳೆಯ ಲೆಕ್ಕ ಹೋಯಿತು. ಅದಕ್ಕೇ ಕದಲಿಸುವ ಮೊದಲು ಕನಿಷ್ಠ ಮೂರು ಪಾಯಿಂಟ್ ಮುಟ್ಟಿ, ಆಮೇಲೆ ಹೊಸ ಜಾಗದಿಂದ ಅವನ್ನೇ ಮತ್ತೆ ಮುಟ್ಟಬೇಕು. ಸಾಫ್ಟ್‌ವೇರ್ ಎರಡನ್ನೂ ಕೂಡಿಸುತ್ತದೆ. ಇದೇ ಲೀಪ್‌ಫ್ರಾಗ್.

ಮೂರೂ ಒಂದೇ ಗೆರೆಯಲ್ಲಿದ್ದರೆ ಕೆಲಸಕ್ಕೆ ಬಾರದು. ಕೀಲಿನ ಮೇಲೆ ಬಾಗಿಲು ತಿರುಗಿದ ಹಾಗೆ ಇಡೀ ಅಳತೆ ಆ ಗೆರೆಯ ಸುತ್ತ ತಿರುಗಿಬಿಡಬಹುದು. ನಾನು ಐದಾರು ಇಡುತ್ತೇನೆ, ಎತ್ತರವನ್ನೂ ಬದಲಿಸುತ್ತೇನೆ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕೈಗೆ ಸುಲಭವಾಗಿ ಸಿಗಲಿ ಅಂತ ಪಾಯಿಂಟ್‌ಗಳನ್ನೆಲ್ಲ ಒಂದೇ ಮೂಲೆಯಲ್ಲಿ ಗುಂಪು ಹಾಕುತ್ತಾರೆ. 300 ಮಿಲಿಮೀಟರ್ ಅಂತರದ ಎರಡು ಪಾಯಿಂಟ್‌ಗಳಲ್ಲಿ ಒಂದು 0.05 ಮಿಲಿಮೀಟರ್ ಪಕ್ಕಕ್ಕೆ ತಪ್ಪಿದರೆ, 3 ಮೀಟರ್ ಆಚೆ ಅದು 0.5 ಮಿಲಿಮೀಟರ್ ಆಗುತ್ತದೆ. ಸಾಫ್ಟ್‌ವೇರ್ ಮಾತ್ರ ಪಾಯಿಂಟ್‌ಗಳು ಚೆನ್ನಾಗಿ ಕೂತಿವೆ ಅಂತಲೇ ತೋರಿಸುತ್ತಿರುತ್ತದೆ! ಆ ಸಂಖ್ಯೆ ನಂಬಿ ಸರಿಯಾದ ಫ್ರೇಮನ್ನೇ ಗ್ಯಾಸ್‌ನಿಂದ ಕಾಯಿಸಿ ಎಳೆದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಎರಡೂ ಜಾಗದಿಂದ ಎಟುಕುವ ಭಾಗದಲ್ಲಿ ಎಷ್ಟು ಅಗಲಕ್ಕೆ ಹರಡಲು ಆಗುತ್ತದೋ ಅಷ್ಟು ಹರಡಿ. ಪ್ರೋಬ್‌ನ ಗುಂಡು ಪ್ರತಿ ಸಲ ಅದೇ ಜಾಗದಲ್ಲಿ ಕೂರುವಂಥ ಶಂಕುವಿನಾಕಾರದ ಗುಳಿ ಇರುವ ಪುಟ್ಟ ತುಂಡುಗಳನ್ನು ಬಳಸಿ. ಅವನ್ನು ಫ್ರೇಮ್‌ಗೇ ಗಟ್ಟಿಯಾಗಿ ಅಂಟಿಸಿ.

ಪ್ರತಿ ಸಲ ಕದಲಿಸಿದಾಗಲೂ ತಪ್ಪು ಕೂಡುತ್ತಾ ಹೋಗುತ್ತದೆ. ಒಂದು ತುದಿಯಿಂದ ಶುರು ಮಾಡಬೇಡಿ. ನಡುವೆ ಶುರು ಮಾಡಿದರೆ ಎರಡೂ ತುದಿಗೆ ಒಂದೊಂದೇ ಜಿಗಿತ.

ಇನ್ನು ಬಿಸಿ. ಶೀಟಿನ ಛಾವಣಿ ಕೆಳಗೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು, ಅಲ್ವಾ? 4 ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಹತ್ತಿರ ಹತ್ತಿರ 0.05 ಮಿಲಿಮೀಟರ್ ಹಿಗ್ಗುತ್ತದೆ. ಅರ್ಧ ಅಳೆದು ಊಟಕ್ಕೆ ಹೋಗಬೇಡಿ.

ಕೊನೆಗೆ, ಉದ್ದ ಖಚಿತವಾಗಿ ಗೊತ್ತಿರುವ ಒಂದು ಬಾರ್ ಇಟ್ಟು, ಒಂದು ತುದಿಯನ್ನು ಮೊದಲ ಜಾಗದಿಂದ, ಇನ್ನೊಂದನ್ನು ಎರಡನೇ ಜಾಗದಿಂದ ಅಳೆಯಿರಿ. ಅಲ್ಲಿ 0.2 ಮಿಲಿಮೀಟರ್ ತಪ್ಪು ಬಂದು, ನಿಮ್ಮ ಡ್ರಾಯಿಂಗ್ 0.1 ಕೇಳುತ್ತಿದ್ದರೆ, ಒಂದು ದಿನಕ್ಕೆ ಲೇಸರ್ ಟ್ರ್ಯಾಕರ್ (ಲೇಸರ್ ಕಿರಣದಿಂದ ದೂರದ ಪಾಯಿಂಟ್‌ಗಳನ್ನು ಅಳೆಯುವ ಸಾಧನ) ಬಾಡಿಗೆಗೆ ತನ್ನಿ. ಗುಳಿಗಳನ್ನು ಅದರಿಂದ ಅಳೆದಿಟ್ಟುಕೊಂಡು, ಉಳಿದಿದ್ದನ್ನು ಆರ್ಮ್‌ನಿಂದಲೇ ಮುಗಿಸಬಹುದು.