ಅಳೆಯದ ವೇಗವನ್ನೂ ತಿದ್ದುವ ಕಾಲ್ಮನ್ ಫಿಲ್ಟರ್: ಜಿಪಿಎಸ್ ಮತ್ತು ಐಎಂಯು ಜೋಡಣೆಯ ಟಿಪ್ಪಣಿ

ತೆರೆದ ಆಕಾಶದಡಿ ಜಿಪಿಎಸ್ ಕೆಲವು ಮೀಟರ್‌ಗಳ ಒಳಗೆ ಸ್ಥಾನ ಹೇಳುತ್ತದೆ. ಎಷ್ಟೇ ಹೊತ್ತು ಕಳೆದರೂ ಆ ದೋಷ ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಅದರ ಅಳತೆ ಬರುವುದು ಸಾಮಾನ್ಯವಾಗಿ ಸೆಕೆಂಡಿಗೆ ಒಂದರಿಂದ ಹತ್ತು ಸಲ ಮಾತ್ರ. ಸುರಂಗದಲ್ಲಿ ಅದೂ ಇಲ್ಲ. ಎತ್ತರದ ಕಟ್ಟಡಗಳ ನಡುವೆ ಗೋಡೆಗೆ ಬಡಿದು ಬಂದ ಸಂಕೇತ ದಾರಿ ತಪ್ಪಿಸುತ್ತದೆ. ವೇಗೋತ್ಕರ್ಷ ಅಳೆಯುವ ಅಕ್ಸೆಲೆರೋಮೀಟರ್ ಮತ್ತು ತಿರುಗುವಿಕೆ ಅಳೆಯುವ ಜೈರೋಸ್ಕೋಪ್ ಸೇರಿದ ಉಪಕರಣ ಐಎಂಯು ಇದಕ್ಕೆ ತದ್ವಿರುದ್ಧ. ಅದು ಸೆಕೆಂಡಿಗೆ ನೂರಾರು ಸಲ ಅಳೆಯುತ್ತದೆ, ಹೊರಗಿನ ಯಾವ ಸಂಕೇತವನ್ನೂ ನೆಚ್ಚಿಕೊಂಡಿಲ್ಲ, ಆದರೆ ತನ್ನ ದೋಷವನ್ನು ತಾನೇ ಕೂಡಿಸುತ್ತಾ ಹೋಗುತ್ತದೆ.

ಎಷ್ಟು ಕೂಡುತ್ತದೆ ಎಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ವೇಗೋತ್ಕರ್ಷದಲ್ಲಿ 0.01 ಮೀ/ಸೆ² ಬಯಾಸ್ (ಸದಾ ಒಂದೇ ಕಡೆಗೆ ಎಳೆಯುವ ತಪ್ಪು) ಇದ್ದರೆ ಸ್ಥಾನದ ದೋಷ ½bt²; b ಎಂದರೆ ಬಯಾಸ್, t ಎಂದರೆ ಸಮಯ. ಒಂದು ನಿಮಿಷಕ್ಕೆ 18 ಮೀಟರ್, ಹತ್ತು ನಿಮಿಷಕ್ಕೆ 1800 ಮೀಟರ್. ಇದಕ್ಕಿಂತ ಕೆಟ್ಟದ್ದು ಓರೆಯ ದೋಷ. ಉಪಕರಣ ಒಂದೇ ಒಂದು ಡಿಗ್ರಿ ವಾಲಿದ್ದು ನಮಗೆ ತಿಳಿಯದಿದ್ದರೆ, ಗುರುತ್ವದ ಒಂದು ಪಾಲು (ಸುಮಾರು 0.17 ಮೀ/ಸೆ²) ಚಲನೆಯಂತೆ ತೋರುತ್ತದೆ. ನಿಮಿಷದೊಳಗೆ 300 ಮೀಟರ್ ದಾಟಿ ಹೋಗಿರುತ್ತೇವೆ. ವಾಲಿಕೆಯ ಲೆಕ್ಕ ಇಡುವ ಜೈರೋ ಚೆನ್ನಾಗಿರಬೇಕು ಎಂದು ಎಲ್ಲರೂ ಒತ್ತಿ ಹೇಳುವುದು ಇದಕ್ಕಾಗಿಯೇ.

ಜಿಪಿಎಸ್ ಮತ್ತು ಐಎಂಯು ಎರಡನ್ನೂ ಕೂಡಿಸಲು ಬಳಸುವ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದರು. ಅಪೊಲೊ ನೌಕೆಗಳ ಪಥನಿರ್ಣಯದಲ್ಲೂ ಅದು ಬಳಕೆಯಾಯಿತು. ಹಂತಗಳು ಎರಡೇ: ಐಎಂಯುವಿನಿಂದ ಮುಂದಿನ ಸ್ಥಿತಿಯನ್ನು (ಸ್ಥಾನ, ವೇಗ ಇತ್ಯಾದಿ) ಅಂದಾಜಿಸುವುದು, ಜಿಪಿಎಸ್ ಬಂದಾಗ ಆ ಅಂದಾಜನ್ನು ತಿದ್ದುವುದು.

ನಾನು ಸಿಕ್ಕಿಬಿದ್ದ ಜಾಗ

ರಿಸೀವರ್‌ಗಳು ಡಾಪ್ಲರ್‌ನಿಂದ (ಚಲನೆಯಿಂದ ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದ) ವೇಗವನ್ನೂ ಕೊಡಬಲ್ಲವು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಸಿಗುವುದು ಸ್ಥಾನ ಮಾತ್ರ ಎಂದುಕೊಂಡರೂ ತಿದ್ದುವ ಹಂತದಲ್ಲಿ ವೇಗವೂ ಬದಲಾಗುತ್ತದೆ. ಅಳೆಯದೇ ಇರುವುದನ್ನು ತಿದ್ದುವ ಧೈರ್ಯ ಫಿಲ್ಟರ್‌ಗೆ ಎಲ್ಲಿಂದ ಬಂತು? ಮ್ಯಾಟ್ರಿಕ್ಸ್ ಸೂತ್ರವನ್ನು ಎಷ್ಟು ಸಲ ಓದಿದರೂ ಇದು ಬಗೆಹರಿಯಲಿಲ್ಲ. ಸಣ್ಣ ಲೆಕ್ಕವೊಂದನ್ನು ಕೈಯಲ್ಲಿ ಮಾಡಿದಾಗ ಬಗೆಹರಿಯಿತು.

ನೇರ ರಸ್ತೆಯಲ್ಲಿ ಒಂದು ವಾಹನ. ಆರಂಭದ ಸ್ಥಾನ 0, ಅದು ನಿಖರವಾಗಿ ಗೊತ್ತು. ವೇಗ 10 ಮೀ/ಸೆ, ಆದರೆ ±2ರ ಅನಿಶ್ಚಿತತೆ, ಅಂದರೆ ವೇರಿಯನ್ಸ್ (ಅನಿಶ್ಚಿತತೆಯ ವರ್ಗ) 4. ಎರಡು ಸೆಕೆಂಡು ಕಳೆಯಿತು. ಅಂದಾಜಿನ ಸ್ಥಾನ 20 ಮೀ. ವೇಗದ ದೋಷ ಎಷ್ಟಿದೆಯೋ ಅದರ ಎರಡರಷ್ಟು ಸ್ಥಾನದ ದೋಷ. ಹಾಗಾಗಿ ಸ್ಥಾನದ ವೇರಿಯನ್ಸ್ 2²×4 = 16, ಅಂದರೆ ±4. ಈಗ ಮುಖ್ಯವಾದದ್ದು: ಎರಡೂ ದೋಷಗಳ ಬೇರು ಒಂದೇ ಆದ್ದರಿಂದ ಅವುಗಳ ನಡುವೆ 2×4 = 8ರಷ್ಟು ಕೋವೇರಿಯನ್ಸ್ (ಎರಡು ದೋಷಗಳು ಒಟ್ಟಿಗೆ ಬದಲಾಗುವುದರ ಅಳತೆ) ಹುಟ್ಟಿಕೊಂಡಿದೆ. ಇದನ್ನು ಯಾರೂ ಹೊರಗಿನಿಂದ ತಂದು ಹಾಕಿಲ್ಲ, ಸಮಯ ಸರಿದದ್ದರಿಂದಲೇ ಬಂದದ್ದು.

ಜಿಪಿಎಸ್ 26 ಮೀ ಎನ್ನುತ್ತದೆ, ಅದರ ಅನಿಶ್ಚಿತತೆ ±3, ವೇರಿಯನ್ಸ್ 9. ವ್ಯತ್ಯಾಸ 6. ಒಟ್ಟು ವೇರಿಯನ್ಸ್ 16+9 = 25. ಗೇನ್ ಎಂದರೆ ಈ ವ್ಯತ್ಯಾಸದ ಎಷ್ಟು ಪಾಲನ್ನು ತಿದ್ದುಪಡಿಗೆ ಬಳಸಬೇಕು ಎಂಬುದು: ಸ್ಥಾನದ ಗೇನ್ 16/25 = 0.64, ವೇಗದ ಗೇನ್ 8/25 = 0.32. ಹೊಸ ಸ್ಥಾನ 20+3.84 = 23.84 ಮೀ. ಹೊಸ ವೇಗ 10+1.92 = 11.92 ಮೀ/ಸೆ.

ಈ 1.92 ಎಲ್ಲಿಂದ ಬಂತು ಎಂಬುದನ್ನು ಸೂತ್ರವಿಲ್ಲದೆಯೂ ಹೇಳಬಹುದು. ಎರಡು ಸೆಕೆಂಡಿನಲ್ಲಿ ಆರು ಮೀಟರ್ ಮುಂದೆ ಹೋಗಿದೆ ಎಂದರೆ ವೇಗ 3 ಮೀ/ಸೆ ಹೆಚ್ಚಿದ್ದಿರಬೇಕು. ಆದರೆ ಜಿಪಿಎಸ್ಸನ್ನು ಪೂರ್ತಿ ನಂಬುವಂತಿಲ್ಲ, ನಂಬಿಕೆ 0.64ರಷ್ಟು ಮಾತ್ರ. 3×0.64 = 1.92! ಕೋವೇರಿಯನ್ಸ್ ಎಂಬ ಪದದ ಹಿಂದಿರುವುದು ಇಷ್ಟೇ ತರ್ಕ.

ಸ್ಥಾನದ ಹೊಸ ವೇರಿಯನ್ಸ್ 16×0.36 = 5.76, ಅಂದರೆ ±2.4. ಅಂದಾಜಿನ ±4 ಮತ್ತು ಜಿಪಿಎಸ್‌ನ ±3, ಎರಡಕ್ಕಿಂತಲೂ ಉತ್ತಮ. ಗಮನಿಸಿ, ತೂಕ ಹಾಕುವುದು ವೇರಿಯನ್ಸ್‌ಗಳಿಂದ. 4 ಮತ್ತು 3ನ್ನು ನೇರವಾಗಿ ಹಾಕಿದರೆ ಉತ್ತರ ತಪ್ಪುತ್ತದೆ.

ಬಯಾಸ್ ಕೂಡ ಇದೇ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಸ್ಥಿತಿಯ ಪಟ್ಟಿಗೆ ಇನ್ನೊಂದು ಅಜ್ಞಾತವಾಗಿ ಸೇರಿಸಿದರೆ ಸಾಕು, ಸ್ಥಾನದ ವ್ಯತ್ಯಾಸಗಳಿಂದ ಫಿಲ್ಟರ್ ಅದನ್ನು ನಿಧಾನವಾಗಿ ಕಲಿಯುತ್ತದೆ. ಸುರಂಗ ಹೊಕ್ಕ ಮೇಲೆ ನೆರವಿಗೆ ಬರುವುದು ಈ ಕಲಿಕೆಯೇ.

ಉಳಿದದ್ದು ಚುಟುಕಾಗಿ

ಫಿಲ್ಟರ್‌ಗೆ ಬೇರೆ ಉಪಕರಣಗಳನ್ನೂ ಜೋಡಿಸಬಹುದು. ಬ್ಯಾರೋಮೀಟರ್ ಎತ್ತರಕ್ಕೆ: ಸಮುದ್ರಮಟ್ಟದ ಬಳಿ ಗಾಳಿಯ ಒತ್ತಡದಲ್ಲಿ 1 ಹೆಕ್ಟೊಪಾಸ್ಕಲ್ ವ್ಯತ್ಯಾಸ ಎಂದರೆ ಸುಮಾರು 8 ಮೀಟರ್. ಮ್ಯಾಗ್ನೆಟೋಮೀಟರ್ ದಿಕ್ಕಿಗೆ, ಹತ್ತಿರ ಕಬ್ಬಿಣವಿಲ್ಲದಿದ್ದರೆ. ಚಕ್ರದ ಸುತ್ತುಗಳ ಎಣಿಕೆ ವೇಗಕ್ಕೆ, ಚಕ್ರ ಜಾರದಿದ್ದರೆ.

ನನಗೆ ಅತ್ಯಂತ ಇಷ್ಟವಾದ ಉಪಾಯ ಒಂದೇ ಸಾಲಿನದು. ಮೇಲಿನ ಲೆಕ್ಕದಲ್ಲಿ ಒಟ್ಟು ವೇರಿಯನ್ಸ್ 25, ವರ್ಗಮೂಲ 5. ವ್ಯತ್ಯಾಸ ಅದರ ಮೂರು ಪಟ್ಟು, ಅಂದರೆ 15 ಮೀಟರ್ ಮೀರಿದರೆ ಆ ಅಳತೆಯನ್ನು ಕೈಬಿಡಿ. ಗೋಡೆಗೆ ಬಡಿದು ಬಂದ ಅನೇಕ ಸಂಕೇತಗಳು ಇಲ್ಲೇ ಸೋಸಿಹೋಗುತ್ತವೆ. ಸುರಂಗದಲ್ಲಿ ಅನಿಶ್ಚಿತತೆ ಉಬ್ಬುವುದರಿಂದ, ಹೊರಬಂದಾಗ ಈ ಮಿತಿ ತಾನಾಗಿಯೇ ಅಗಲವಾಗಿರುತ್ತದೆ. ಆದರೆ ಪ್ರಕ್ರಿಯೆಯ ಗದ್ದಲ Q (ಅಂದಾಜಿನ ಪ್ರತಿ ಹಂತದಲ್ಲೂ ಸೇರಿಸಬೇಕೆಂದು ನಾವೇ ನಿಗದಿಪಡಿಸುವ ಅನಿಶ್ಚಿತತೆ) ಅನ್ನು ತೀರಾ ಚಿಕ್ಕದಾಗಿಟ್ಟರೆ ಅನಿಶ್ಚಿತತೆ ಸಾಕಷ್ಟು ಉಬ್ಬುವುದಿಲ್ಲ. ಆಗ ಫಿಲ್ಟರ್ ತನ್ನ ತಪ್ಪು ಅಂದಾಜನ್ನೇ ನೆಚ್ಚಿಕೊಂಡು ಸರಿಯಾದ ಜಿಪಿಎಸ್ ಅಳತೆಗಳನ್ನೇ ಒಂದೊಂದಾಗಿ ತಿರಸ್ಕರಿಸುತ್ತದೆ. ಸತತವಾಗಿ ಹಲವು ಅಳತೆಗಳು ತಿರಸ್ಕೃತವಾದರೆ ಜಿಪಿಎಸ್ಸನ್ನು ದೂರುವ ಮೊದಲು Q ನೋಡಿ.