ನಾಮಿನಿ ಹೆಸರು ಕೊಟ್ಟಾಗಿದೆ, ಇನ್ನು ಉಯಿಲು ಯಾಕೆ?

ಪ್ರಶ್ನೆ: ಎಫ್‌ಡಿ, ಷೇರು, ವಿಮೆ ಎಲ್ಲಕ್ಕೂ ದೊಡ್ಡ ಮಗನನ್ನೇ ನಾಮಿನಿ ಮಾಡಿದ್ದೇನೆ. ಮನೆ ನನ್ನ ಸ್ವಯಾರ್ಜಿತ. ಉಯಿಲು ಬರೆಯಲೇಬೇಕೇ?

ಉತ್ತರ: ಬರೆಯಬೇಕು. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುವುದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ನಾಮಿನಿ ಮಾಲೀಕನಲ್ಲ. ಖಾತೆದಾರ ತೀರಿಕೊಂಡ ಮೇಲೆ ಹಣವನ್ನು ಯಾರ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೆ ಎಂಬುದಕ್ಕಷ್ಟೇ ಆ ಹೆಸರು. ಕೈಗೆ ಬಂದ ಹಣವನ್ನು ವಾರಸುದಾರರಿಗೆ ಹಂಚುವ ಹೊಣೆ ನಾಮಿನಿಯದು. ವಿಮೆ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1984ರಲ್ಲೇ ಹೇಳಿತ್ತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. ಆದರೂ ‘ನಾಮಿನಿ ನಾನು, ದುಡ್ಡು ನಂದು’ ಎಂಬ ವಾದ ಇನ್ನೂ ಮುಗಿದಿಲ್ಲ. ಅದಕ್ಕೆ ಒಂದು ಎಳೆ ಆಧಾರವೂ ಇದೆ ಅನ್ನಿ: 2015ರ ತಿದ್ದುಪಡಿಯ ನಂತರ ಜೀವವಿಮೆಯಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಸಾಮಾನ್ಯವಾಗಿ ಅವರದೇ ಆಗುತ್ತದೆ. ಈ ವಿನಾಯಿತಿಯನ್ನೇ ಎಫ್‌ಡಿಗೂ ಷೇರಿಗೂ ಎಳೆದು ತರುವುದು ತಪ್ಪು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಕೊಡಬಹುದು, ಶೇಕಡಾವಾರು ಹಂಚಲೂಬಹುದು. ‘ಇನ್ನು ಉಯಿಲು ಬೇಕಿಲ್ಲ ಬಿಡಿ’ ಎನ್ನುವವರು ಅದರಿಂದ ಹೆಚ್ಚಾಗಿದ್ದಾರೆ. ನಾಲ್ವರಾದರೂ ಅವರು ನಾಮಿನಿಗಳೇ.

ಲೆಕ್ಕ ಹಾಕಿ ನೋಡಿ. ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ, 1956 ಅನ್ವಯಿಸುತ್ತದೆ, ಹೆಂಡತಿ, ಇಬ್ಬರು ಮಕ್ಕಳು, ವಿಧವೆ ತಾಯಿ ಇದ್ದಾರೆ ಎಂದಿಟ್ಟುಕೊಳ್ಳಿ. ಉಯಿಲಿಲ್ಲದಿದ್ದರೆ ನಾಲ್ವರಿಗೂ ಸಮಪಾಲು. 32 ಲಕ್ಷದ ಎಫ್‌ಡಿಯನ್ನು ದೊಡ್ಡ ಮಗ ಬಿಡಿಸಿಕೊಂಡರೂ ಅವನ ಪಾಲು 8 ಲಕ್ಷವೇ. ತಾಯಿಯ ಪಾಲು ಅನೇಕರಿಗೆ ಹೊಳೆಯುವುದೇ ಇಲ್ಲ. ಮನೆಯಲ್ಲೂ ಅವರಿಗೆ ಕಾಲು ಭಾಗ. ಮುಂದೆ ಅವರೂ ಉಯಿಲು ಬರೆಯದೆ ತೀರಿಕೊಂಡರೆ ಆ ಕಾಲು ಭಾಗ ಅವರ ಎಲ್ಲ ಮಕ್ಕಳ ಕವಲುಗಳಿಗೆ ಹಂಚಿಹೋಗುತ್ತದೆ. ನಿಮಗೆ ಒಬ್ಬ ತಮ್ಮ, ಒಬ್ಬ ತಂಗಿ ಇದ್ದರೆ ನಿಮ್ಮ ಸ್ವಯಾರ್ಜಿತ ಮನೆಯಲ್ಲಿ ಅವರಿಗೆ ತಲಾ ಹನ್ನೆರಡನೇ ಒಂದು ಪಾಲು. ಮನೆ ಮಾರುವ ದಿನ ಅವರ ರುಜುವೂ ಬೇಕು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ತೆಗೆಸುವಾಗ ಇದು ಎದ್ದು ಕೂರುತ್ತದೆ.

ಬರೆಯುವುದು ಕಷ್ಟವಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಒಳ್ಳೆಯದು, ಮಾಡಿಸಿದ ಮೇಲೂ ಬದಲಾಯಿಸಬಹುದು. ಕ್ರಮಬದ್ಧವಾದ ಕೊನೆಯ ಉಯಿಲು ನಡೆಯುತ್ತದೆ, ಹಳೆಯದು ನೋಂದಣಿಯಾಗಿದ್ದರೂ ಸರಿ. ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ನೀವು ರುಜು ಹಾಕಿದ್ದನ್ನು ಅವರು ನೋಡಿರಬೇಕು, ಇಲ್ಲವೇ ‘ಇದು ನನ್ನದೇ ರುಜು’ ಎಂದು ನೀವು ಅವರಿಗೆ ಹೇಳಿರಬೇಕು. ಅವರು ನಿಮ್ಮೆದುರೇ ರುಜು ಹಾಕಬೇಕು. ಒಳಗೇನಿದೆ ಎಂದು ಅವರು ಓದಬೇಕಾಗಿಲ್ಲ. ಸಾಕ್ಷಿಗಳನ್ನು ಆರಿಸುವಾಗಲೇ ಜನ ಎಡವುವುದು: ಆಸ್ತಿ ಪಡೆಯುವ ಮಗನನ್ನೇ ಸಾಕ್ಷಿ ಮಾಡುತ್ತಾರೆ, ಅಥವಾ ತಮಗಿಂತ ಹಿರಿಯ ಸ್ನೇಹಿತರನ್ನು ಕರೆಯುತ್ತಾರೆ. ಉಯಿಲಿನ ಮೇಲೆ ತಕರಾರು ಎದ್ದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಾಗುತ್ತದೆ. ಆದ್ದರಿಂದ ವಯಸ್ಸಿನಲ್ಲಿ ಚಿಕ್ಕವರನ್ನೇ, ಆಸ್ತಿಯಲ್ಲಿ ಏನೂ ಸಿಗದವರನ್ನೇ ಕೂರಿಸಿ. ಪ್ರತಿ ಪುಟಕ್ಕೂ ರುಜು, ದಿನಾಂಕ, ಸ್ಥಿರಾಸ್ತಿಗೆ ಸರ್ವೆ ನಂಬರ್ ಮತ್ತು ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇರಲಿ. ‘ಇಲ್ಲಿ ನಮೂದಿಸದ ಹಾಗೂ ಮುಂದೆ ಸಂಪಾದಿಸುವ ಆಸ್ತಿ ಇಂಥವರಿಗೆ’ ಎಂಬ ಸಾಲು ಬಿಟ್ಟುಹೋದರೆ ನಂತರ ಕೊಂಡ ಸೈಟು ಉಯಿಲಿನ ಹೊರಗೇ ಉಳಿಯುತ್ತದೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಮರಿಗೆ ನಿಯಮವೇ ಬೇರೆ, ಸಾಮಾನ್ಯವಾಗಿ ಮೂರನೇ ಒಂದು ಭಾಗದ ಮಿತಿಯಿದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ನಿಮ್ಮ ಹೆಂಡತಿಯೂ ಒಂದು ಉಯಿಲು ಬರೆಯಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಮಕ್ಕಳಿಲ್ಲದ ವಿಧವೆ ಉಯಿಲಿಲ್ಲದೆ ತೀರಿಕೊಂಡರೆ ಆಕೆ ಸ್ವಂತ ಸಂಬಳದಲ್ಲಿ ಕೊಂಡ ಸೈಟು ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅತ್ತೆ ಇದ್ದರೆ ಅತ್ತೆಗೆ. ಅತ್ತೆ ಮಾವ ಇಬ್ಬರೂ ಇಲ್ಲದಿದ್ದರೆ ಭಾವ, ಮೈದುನ, ನಾದಿನಿಯರಿಗೆ. ಆಕೆಯನ್ನು ಹೆತ್ತ ತಾಯಿ ಇವರೆಲ್ಲರ ಹಿಂದಿನ ಸಾಲು. ತಂದೆ ಅಥವಾ ತಾಯಿಯಿಂದ ಉತ್ತರಾಧಿಕಾರವಾಗಿ ಬಂದದ್ದು ಮಾತ್ರ ತಂದೆಯ ವಾರಸುದಾರರಿಗೆ ಮರಳುತ್ತದೆ, ಅದೂ ಮಕ್ಕಳಿಲ್ಲದಿದ್ದರೆ. ಅಪ್ಪ ದಾನಪತ್ರ ಮಾಡಿ ಕೊಟ್ಟಿದ್ದರೆ ಈ ವಿನಾಯಿತಿ ಸಿಗುವುದಿಲ್ಲ, ಏಕೆಂದರೆ ದಾನ ಉತ್ತರಾಧಿಕಾರವಲ್ಲ.