ಮಲಗುವ ಸಾಕ್ಸ್ ಹಾಕಿಕೊಂಡು ಮಳೆಯಲ್ಲಿ ನಡೆಯಬೇಡಿ

ಗುಡ್ಡ ಹತ್ತಿ ಇಳಿದು ವಾರಗಟ್ಟಲೆ ನಡೆಯುವ ಯಾತ್ರೆಗೆ ಹೊರಡುವ ಮುಂಚೆ ಕೆಲವರು ಕಾಲು ತೋರಿಸಲು ನನ್ನ ಬಳಿ ಬರುತ್ತಾರೆ. ಒಳ್ಳೆಯ ಅಭ್ಯಾಸ. ಮಳೆಯ ಮಾತು ಬಂದರೆ ಹೆಚ್ಚಿನವರು ಹೇಳುವುದು ಒಂದೇ. "ವಾಟರ್‌ಪ್ರೂಫ್ ಶೂ ತಗೊಂಡಿದ್ದೀನಿ ಡಾಕ್ಟ್ರೇ, ಕಾಲು ಒದ್ದೆಯಾಗಲ್ಲ."

ಆಗುತ್ತದೆ. ದಿನವಿಡೀ ಮಳೆಯಲ್ಲಿ ನಡೆದರೆ ಯಾವ ಶೂ ಹಾಕಿದರೂ ಕಾಲು ಒದ್ದೆಯಾಗುತ್ತದೆ. ಪ್ಯಾಂಟಿನಿಂದ ಇಳಿಯುವ ನೀರು ಸಾಕ್ಸ್ ಹಿಡಿದು ಶೂ ಒಳಗೆ ಸೇರುತ್ತದೆ. ಗುಡ್ಡ ಹತ್ತುವಾಗ ಪಾದ ಬೆವರುತ್ತದೆ. ಶೂವಿನ ಹೊರಮೈ ನೀರು ಕುಡಿದ ಮೇಲೆ ಆ ಬೆವರಿನ ಆವಿ ಸರಿಯಾಗಿ ಹೊರಗೆ ಹೋಗುವುದಿಲ್ಲ. ಹೊರಗಿನ ನೀರನ್ನು ತಡೆಯುವ ಪದರ ಒಳಗೆ ಬಂದ ನೀರನ್ನೂ ಹಾಗೇ ತಡೆದು ಇಟ್ಟುಕೊಳ್ಳುತ್ತದೆ. ತುಂತುರು ಮಳೆಗೆ, ಒದ್ದೆ ಹುಲ್ಲಿಗೆ ಅಂಥ ಶೂ ಚೆನ್ನಾಗಿಯೇ ಇರುತ್ತದೆ. ಇಡೀ ದಿನ ಸುರಿಯುವ ಮಳೆಗೆ ಅದನ್ನೇ ನಂಬಿ ಕೂರಬೇಡಿ.

ಹಾಗಾಗಿ ಶೂ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ಕಾಲಿಗೆ ಪಳಗಿದ್ದಿರಲಿ, ಬೆರಳುಗಳ ಮುಂದೆ ಸ್ವಲ್ಪ ಜಾಗ ಇರಲಿ. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಹಳೆಯ ಶೂ ಮಾತ್ರ ಬೇಡ. ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ಅಟ್ಟೆ ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗುತ್ತದೆ. ನೋಡಲು ಹೊಸದರ ಹಾಗೆ ಇರುತ್ತದೆ, ನಡೆಯತೊಡಗಿದ ಮೇಲೆ ಪುಡಿಪುಡಿಯಾಗಿ ಕಿತ್ತುಬರುತ್ತದೆ.

ನಾನು ಮತ್ತೆ ಮತ್ತೆ ಹೇಳುವುದು ಸಾಕ್ಸ್ ಬಗ್ಗೆ. ಮೂರು ಜೊತೆ ಇರಲಿ. ಉಣ್ಣೆಯದ್ದು ಅಥವಾ ಸಿಂಥೆಟಿಕ್. ಹತ್ತಿಯದ್ದು ಬೇಡ, ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಎರಡು ಜೊತೆ ನಡೆಯಲು. ಮೂರನೆಯದು ಮಲಗಲು ಮಾತ್ರ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬ್ಯಾಗಿನೊಳಗೆ ಇಡಿ. ರಾತ್ರಿ ಕಾಲು ತೊಳೆದು, ಬೆರಳಸಂದಿಯೂ ಸೇರಿ ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಹಾಕಿಕೊಳ್ಳಿ. ಬೆಳಿಗ್ಗೆ ತೆಗೆದು ಮತ್ತೆ ಚೀಲಕ್ಕೇ ಸೇರಿಸಿ. ಮಳೆ ಇನ್ನೂ ಸುರಿಯುತ್ತಿದ್ದು, ನಡೆಯುವ ಎರಡು ಜೊತೆಯೂ ಒಣಗದಿದ್ದರೆ, ಅವುಗಳಲ್ಲೇ ಒಂದನ್ನು ಹಿಂಡಿ ಹಾಕಿಕೊಂಡು ಹೊರಡಿ.

ಇದಕ್ಕೆ ಯಾರೂ ಒಪ್ಪುವುದಿಲ್ಲ. ತಲೆ ಆಡಿಸಿ ಹೋಗುತ್ತಾರೆ, ದಾರಿಯಲ್ಲಿ ಉಲ್ಟಾ ಮಾಡುತ್ತಾರೆ. ಬೆಳಿಗ್ಗೆ ತಣ್ಣನೆಯ ಒದ್ದೆ ಸಾಕ್ಸ್ ಒಳಗೆ ಕಾಲು ತೂರಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಪಕ್ಕದಲ್ಲೇ ಬೆಚ್ಚಗಿನ ಒಣ ಜೊತೆ ಇದೆ ಅಲ್ವಾ? ಅದನ್ನು ಹಾಕಿಕೊಂಡುಬಿಡುತ್ತಾರೆ. ಒದ್ದೆ ಶೂ ಒಳಗೆ ಅದೂ ಬೇಗನೆ ಒದ್ದೆಯಾಗುತ್ತದೆ. ಆ ರಾತ್ರಿ ಬ್ಯಾಗಿನಲ್ಲಿ ಒಣಗಿದ್ದು ಒಂದೂ ಉಳಿದಿರುವುದಿಲ್ಲ.

ಯಾಕೆ ಇಷ್ಟು ಹಟ ಅಂತ ಕೇಳಬಹುದು. ನೀರಲ್ಲಿ ನೆನೆದ ಚರ್ಮ ಉಬ್ಬಿ, ಬೆಳ್ಳಗಾಗಿ, ಸುಕ್ಕುಗಟ್ಟುತ್ತದೆ. ತೇವದ ಚರ್ಮವನ್ನು ಸಾಕ್ಸ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಒಳಗೆ ಮೂಳೆ ಹಿಂದೆ ಮುಂದೆ ಸರಿಯುತ್ತದೆ, ಮೇಲಿನ ಚರ್ಮ ಮಾತ್ರ ಅಂಟಿಕೊಂಡು ನಿಲ್ಲುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳ ನಡುವೆ ಬಿರುಕು ಬಿಟ್ಟು ನೀರು ತುಂಬಿಕೊಳ್ಳುತ್ತದೆ. ನೀವು ಗುಳ್ಳೆ ಅನ್ನುವುದು ಅದನ್ನೇ. ಇಂಥ ಚರ್ಮ ಮತ್ತೆ ಗಟ್ಟಿಯಾಗಲು ಒಣಗಿದ ಕೆಲವು ಗಂಟೆಗಳು ಬೇಕು. ಮಳೆಯ ಯಾತ್ರೆಯಲ್ಲಿ ಆ ಗಂಟೆಗಳು ಸಿಗುವುದು ರಾತ್ರಿ ಮಾತ್ರ. ಹಗಲು ಒದ್ದೆಯಾಗಲಿ, ಪರವಾಗಿಲ್ಲ. ರಾತ್ರಿಯೂ ಒಣಗದೇ ಹೋದರೆ ತೊಂದರೆ.

ಮೊದಲ ಮಹಾಯುದ್ಧದಲ್ಲಿ ನೀರು ತುಂಬಿದ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಜೋಮು ಹಿಡಿದು, ಊದಿ, ಕೊಳೆಯುವ ಮಟ್ಟಕ್ಕೆ ಹೋಗುತ್ತಿದ್ದವು. ಅದಕ್ಕೆ ಟ್ರೆಂಚ್ ಫುಟ್ ಅನ್ನುತ್ತಾರೆ. ಹಿಮ ಬೀಳುವ ಚಳಿಯೇ ಬೇಕಿಲ್ಲ, ತಂಪು ಮತ್ತು ತೇವ ಸಾಕು. ಆಗ ಸೈನ್ಯಗಳು ಕಂಡುಕೊಂಡ ಮುಖ್ಯ ದಾರಿ ದಿನವೂ ಪಾದ ಪರೀಕ್ಷಿಸುವುದು, ಒರೆಸುವುದು, ಒಣ ಸಾಕ್ಸ್ ಹಾಕಿಸುವುದು.

ಕಮಿನೊ ಯಾತ್ರೆಗೆ ಹೋದ ನಿವೃತ್ತ ಶಿಕ್ಷಕಿಯೊಬ್ಬರ ನೆನಪಾಗುತ್ತದೆ. ಫ್ರಾನ್ಸಿನ ಸ್ಯಾಂ ಝಾಂ ಊರಿಂದ ಸ್ಪೇನಿನ ಸ್ಯಾಂಟಿಯಾಗೊವರೆಗೆ ಸುಮಾರು 780 ಕಿಲೋಮೀಟರ್ ದಾರಿ ಅದು. ಮೊದಲ ದಿನವೇ ಪಿರನೀಸ್ ಬೆಟ್ಟ ದಾಟಬೇಕು. ಸುಮಾರು 1,430 ಮೀಟರ್ ಎತ್ತರಕ್ಕೆ ಹತ್ತಿ, ಕಾಡಿನೊಳಗೆ ಕಡಿದಾಗಿ 950 ಮೀಟರಿನ ರೊನ್ಸೆಸ್‌ವಾಯೆಸ್‌ಗೆ ಇಳಿಯಬೇಕು. ಮಳೆಯಲ್ಲಿ ಆ ಕಾಡುದಾರಿ ಬಿಟ್ಟು ಇಬಾನ್ಯೆತಾ ಅನ್ನುವ ಘಾಟಿಯ ಕಡೆಯಿಂದ ಬಳಸಿ ಇಳಿಯುವುದೇ ಒಳ್ಳೆಯದು, ಅವರು ಹಾಗೇ ಇಳಿದಿದ್ದರು. ನಾಲ್ಕನೇ ದಿನ ಫೋನ್ ಬಂತು. "ಡಾಕ್ಟ್ರೇ, ಎರಡೂ ಹಿಮ್ಮಡಿ ಹೋಯ್ತು." ರಾತ್ರಿಯ ಸಾಕ್ಸ್ ಎಲ್ಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಎರಡನೇ ದಿನ ಬೆಳಿಗ್ಗೆ ಹಾಕ್ಕೊಂಡ್ಬಿಟ್ಟೆ."

ಗದರಿದೆ. ಆಮೇಲೆ ಬೇಸರವಾಯಿತು. ಅರವತ್ತು ದಾಟಿದವರು, ಎಷ್ಟು ವರ್ಷಗಳ ಆಸೆಯೋ. ಒಂದು ದಿನ ಪೂರ್ತಿ ನಿಲ್ಲಿ, ಪಾದ ಬರಿದೇ ಇರಲಿ, ಸಾಕ್ಸ್ ಎಲ್ಲ ಒಣಗಿಸಿ ಅಂದೆ. ಶೂ ಒಳಗೆ ಹಳೆಯ ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಿಸಲು ಹೇಳಿದೆ. ಬೆಂಕಿಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಅವರು ನಿಂತರು. ಮುಂದೆ ಯಾತ್ರೆ ಮುಗಿಸಿಯೇ ಬಂದರು. ವಾಪಸ್ ಬಂದಾಗ ಹೇಳಿದ ಮಾತನ್ನು ಈಗ ಎಲ್ಲರಿಗೂ ಹೇಳುತ್ತೇನೆ: ಒದ್ದೆ ಸಾಕ್ಸ್ ಕಷ್ಟ ಅನಿಸುವುದು ಮೊದಲ ಹತ್ತು ನಿಮಿಷ, ಕಾಲಿನ ಬಿಸಿಗೆ ಆಮೇಲೆ ಗೊತ್ತೇ ಆಗುವುದಿಲ್ಲ.

ಮಳೆ ನಿಂತಾಗ, ಮಧ್ಯಾಹ್ನ ಕೂತಾಗ ಶೂ ಬಿಚ್ಚಿ ಕಾಲು ಒರೆಸಿದರೆ ಇನ್ನೂ ಒಳ್ಳೆಯದು. ಇಳಿಜಾರಿಗೆ ಮುಂಚೆ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ, ಇಲ್ಲವಾದರೆ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಪಾದದಲ್ಲಿ ಸ್ಪರ್ಶ, ರಕ್ತದ ಓಡಾಟ ಸರಿಯಿರುವವರಿಗೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗುಳ್ಳೆ ಎದ್ದದ್ದೇ ತಿಳಿಯುವುದಿಲ್ಲ. ಅಂಥವರು ಹೊರಡುವ ಮೊದಲೇ ತಮ್ಮ ವೈದ್ಯರ ಹತ್ತಿರ ಮಾತಾಡಬೇಕು. ಹಿಮದ ಚಳಿ ಇರುವ ಕಡೆಗೂ ಒದ್ದೆ ಸಾಕ್ಸ್ ಸಲಹೆ ಹೊಂದುವುದಿಲ್ಲ. ಉಳಿದವರು ಕೂಡ ರಾತ್ರಿ ಪಾದ ಒಣಗಿ ಬೆಚ್ಚಗಾದ ಮೇಲೂ ಜೋಮು ಹೋಗದಿದ್ದರೆ, ಗುಳ್ಳೆಯ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ, ಮರುದಿನ ನಡೆಯಬೇಡಿ, ಹತ್ತಿರದ ವೈದ್ಯರಿಗೆ ತೋರಿಸಿ.